ಅರದಾಳದ ಹಳದಿ

ಲೇಖನಿಯ ಹಿಡಿ ಕಡೆಯುವುದು ತೊಟ್ಟಿಲ ಕಾಲು ಕಡೆದ ಹಾಗಲ್ಲ. ತೊಟ್ಟಿಲ ಕಾಲು ದಪ್ಪವಿರುತ್ತದೆ, ಉಳಿ ಎಳ್ಳಷ್ಟು ಜಾರಿದರೂ ಮರ ಸಹಿಸಿಕೊಳ್ಳುತ್ತದೆ. ಲೇಖನಿಯ ಹಿಡಿ ಒಂದು ಗೇಣು ಉದ್ದ, ಕಿರುಬೆರಳಿಗಿಂತ ಸಣ್ಣ. ಅದನ್ನು ಚರಕಿಯ ಎರಡು ಕಬ್ಬಿಣದ ಮೊನೆಗಳ ನಡುವೆ ಸಿಕ್ಕಿಸಿ ತಿರುಗಿಸಿದರೆ ನಡು ಬಳುಕುತ್ತದೆ. ಬಳುಕಿದ ಜಾಗಕ್ಕೆ ಉಳಿ ತಾಕಿದರೆ ಮುಗಿಯಿತು, ಕಡ್ಡಿ ಮುರಿದು ಮುಖಕ್ಕೆ ಹಾರುತ್ತದೆ. ನನ್ನ ಮುಂದಿನ ಎರಡು ಹಲ್ಲು ಹೋದದ್ದು ಹಾಗೆಯೇ. ಅದಕ್ಕೆ ಎಡಗೈ ಹೆಬ್ಬೆರಳನ್ನು ಹಿಂದಿನಿಂದ ಆನಿಸಿ, ಬಲಗೈಯಲ್ಲಿ ಉಳಿ ಕೊಡಬೇಕು. ಒಂದು ತುದಿಯಲ್ಲಿ ಮೊಗ್ಗು ಬಿಡಿಸಬೇಕು, ಇನ್ನೊಂದು ತುದಿಗೆ ಸಣ್ಣ ಬೈರಿಗೆಯಿಂದ ತೂತು ಕೊರೆದು, ಹಿತ್ತಾಳೆಯ ಬಳೆ ಬಡಿದು, ಉಕ್ಕಿನ ಮುಳ್ಳು ಅಲುಗಾಡದೆ ಕೂರುವಂತೆ ಮಾಡಬೇಕು. ಕಚೇರಿಯವರು ಅದನ್ನು ಶಾಯಿಗೆ ಅದ್ದಿ ಬರೆಯುತ್ತಾರೆ. ಮುಳ್ಳು ಸವೆದರೆ ಬೇರೆ ಹಾಕಿಕೊಳ್ಳುತ್ತಾರೆ, ಹಿಡಿ ಮಾತ್ರ ವರ್ಷಗಟ್ಟಲೆ ಕೈಯಲ್ಲಿ ಉಳಿಯುತ್ತದೆ. ಇಷ್ಟು ಕೆಲಸವನ್ನು 'ಒಂದು ಕಡ್ಡಿ ತಾನೆ' ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಹಗ್ಗದ ಚರಕಿ. ಕಡೆಯುವ ಮರಕ್ಕೆ ಎರಡು ಸುತ್ತು ಹಗ್ಗ ಸುತ್ತಿ, ಎದುರಿಗೆ ಕುಳಿತವರು ಅದರ ಎರಡು ತುದಿಗಳನ್ನು ಒಂದಾದ ಮೇಲೊಂದು ಎಳೆಯಬೇಕು. ಒಂದು ಎಳೆತಕ್ಕೆ ಮರ ನನ್ನ ಕಡೆ ತಿರುಗುತ್ತದೆ, ಆಗ ಉಳಿ ಕೊಡಬೇಕು. ಇನ್ನೊಂದಕ್ಕೆ ಆಚೆ ತಿರುಗುತ್ತದೆ, ಆಗ ಉಳಿ ಎತ್ತಬೇಕು. ಎಳೆಯುತ್ತಿದ್ದವಳು ನನ್ನ ಹೆಂಡತಿ. ದುರ್ಗದ ಕೋಟೆಯ ಕೆಳಗಿನ ನಮ್ಮ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ವರ್ಷ ಹೀಗೇ ಎದುರುಬದುರು ಕುಳಿತಿದ್ದೇವೆ. 'ಎಳಿ', 'ನಿಲ್ಸು' ಎಂದು ನಾನು ಬಾಯಿಬಿಟ್ಟು ಹೇಳುವ ಕಾಲ ಎಂದೋ ಮುಗಿದಿತ್ತು. ಅವಳ ಉಸಿರು ಕೇಳಿಕೊಂಡೇ ನನ್ನ ಕೈ ಆಡುತ್ತಿತ್ತು. ಮಗಳನ್ನು ಹೊಸದುರ್ಗದ ಕಡೆ ಕೊಟ್ಟ ಮೇಲೆ ಮನೆಯಲ್ಲಿ ನಾವಿಬ್ಬರೇ ಇದ್ದೆವು.

ಅರಗಿನ ಕೆಲಸವೂ ಅವಳದೇ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಆಮೇಲೆ ಕೇದಗೆಯ ಒಣಗರಿಯಿಂದ ಒತ್ತಿ ಉಜ್ಜಿದರೆ ಹೊಳಪು ಬರುತ್ತದೆ. ಆದರೆ ಅರಗಿನ ಹದ ಸರಿಯಿರಬೇಕು. ಕಡಿಮೆ ಕಾಸಿದರೆ ಬೇಸಿಗೆಯಲ್ಲಿ ಕೈಗೆ ಅಂಟುತ್ತದೆ, ಹೆಚ್ಚು ಕಾಸಿದರೆ ಹೊಪ್ಪಳೆ ಎದ್ದು ಉದುರುತ್ತದೆ. ಆ ಹದವನ್ನು ನಾವು ನೋಡುತ್ತಿದ್ದುದು ಹಲ್ಲಿನಿಂದ. ಅಗ್ಗಿಷ್ಟಿಕೆಯ ಮೇಲೆ ಅರಗನ್ನೂ ಬಣ್ಣವನ್ನೂ ಕಲಸಿ ಎಳೆದೆಳೆದು ನಾದುವಾಗ, ನಡುನಡುವೆ ಒಂದು ಚೂರು ಮುರಿದು, ಆರಿಸಿ, ಮುಂದಿನ ಹಲ್ಲಿನಲ್ಲಿ ಕಚ್ಚಬೇಕು. ಟಕ್ಕೆಂದು ಎರಡಾದರೆ ಹದ ಬಂತು. ಹಲ್ಲಿಗೆ ಹತ್ತಿಕೊಂಡರೆ ಇನ್ನೂ ಕಾಸಬೇಕು. ನಮ್ಮ ಮನೆತನದಲ್ಲಿ ಇದು ಹೆಂಗಸರ ಕೆಲಸ. ಸೊಸೆ ಬಂದ ವರ್ಷವೇ ಅತ್ತೆ ಅವಳಿಗೆ ಹದ ಕಚ್ಚುವುದನ್ನು ಕಲಿಸುತ್ತಾಳೆ. ನನ್ನ ತಾಯಿ ಕಲಿಸಿದಳು, ಇವಳು ಕಲಿತಳು. ನಮ್ಮ ಹಳದಿಗೆ ಅರಿಸಿನ, ಕೆಂಪಿಗೆ ಅರಗಿನದೇ ಕೆಂಪು, ಕಪ್ಪಿಗೆ ದೀಪದ ಮಸಿ. ಯಾವುದೂ ಬಾಯಿಗೆ ಕೆಟ್ಟದ್ದಾಗಿರಲಿಲ್ಲ.

ಹಿರಿಯೂರಿನ ಹತ್ತಿರ ಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಏಳುತ್ತಿದ್ದ ಕಾಲ ಅದು. ಒಂದು ದಿನ ಕಚೇರಿಯಿಂದ ನನಗೆ ಕರೆ ಬಂತು. ಕರೆಸಿದವರು ಶಿರಸ್ತೇದಾರರು, ಗುಮಾಸ್ತರಿಗೆಲ್ಲ ಮೇಲಿನವರು. ಹಿಂದಿನ ವರ್ಷ ನಾನೇ ಕೊಟ್ಟಿದ್ದ ಹಳದಿ ಲೇಖನಿ ಅವರ ಮೇಜಿನ ಮೇಲೆ ಬಿದ್ದಿತ್ತು.

"ಏನಪ್ಪ ಆಚಾರಿ, ಇದೇನು ಲೇಖನಿನೋ ಒಣಗಿದ ಜ್ವಾಳದ ದಂಟೋ?" ಅಂದರು.

ಅವರು ಅಂದದ್ದರಲ್ಲಿ ತಪ್ಪಿರಲಿಲ್ಲ. ಕಿಟಕಿಯ ಬಿಸಿಲಿಗೆ ಅರಿಸಿನ ಪೂರ್ತಿ ಹಾರಿಹೋಗಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅರಿಶಿಣ ಸ್ವಾಮಿ, ಬಿಸಿಲಿಗೆ ತಡಿಯಲ್ಲ."

"ತಡಿಯಾದು ಹಾಕು. ಒಂದೂವರೆ ತಿಂಗಳಿಗೆ ಕಟ್ಟೆ ನೋಡಾಕೆ ಮೈಸೂರಿನೋರು ಬರ್ತಾರೆ. ಬಂದೋರಿಗೆಲ್ಲ ಒಂದೊಂದು ಲೇಖನಿ ಕೊಡಬೇಕು ಅಂತ ಸಾಹೇಬ್ರ ಅಪ್ಪಣೆ ಆಗೈತೆ. ನಲವತ್ತು ಬೇಕು. ಎಲ್ಲ ಚಿನ್ನದಂಗೆ ಹೊಳೀಬೇಕು." ಆಮೇಲೆ ದನಿ ತಗ್ಗಿಸಿದರು. "ಊರಾಗೆ ಕೈಗಾರಿಕೆ ಶಾಲೆ ತೆಗೀತಾರೆ. ಮರಗೆಲಸ ಕಲಿಸಾಕೆ ಒಬ್ಬ ಮೇಷ್ಟ್ರು ಬೇಕು. ನಿನ್ನ ಹೆಸರು ನನ್ನ ತಲೇಲಿ ಐತೆ. ಇದನ್ನ ಚೆಂದ ಮಾಡಿಕೊಡು, ಮುಂದಿಂದು ನಾನು ನೋಡ್ಕಂತೀನಿ."

ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ. ಸರ್ಕಾರದ ಮೇಷ್ಟ್ರು. ತಲೆಗೆ ರುಮಾಲು ಸುತ್ತಿ, ಕೋಟು ಹಾಕಿ, ಕುರ್ಚಿಯ ಮೇಲೆ ಕೂರುವುದು. ನನ್ನ ಅಪ್ಪ, ಅವರಪ್ಪ ಎಲ್ಲರೂ ನೆಲಕ್ಕೆ ಕುಳಿತೇ ಬೆನ್ನು ಬಗ್ಗಿಸಿಕೊಂಡವರು. ಆ ಆಸೆ ನನ್ನಲ್ಲಿ ಎಷ್ಟು ಬೇಗ ಬೇರುಬಿಟ್ಟಿತೆಂದರೆ, ಸಂಜೆಯ ಹೊತ್ತಿಗೆ ನಾನು ಹೆಂಡತಿಯೊಂದಿಗೆ ಮಾತಾಡುವ ಧಾಟಿಯೇ ಮೇಷ್ಟರದಾಗಿತ್ತು. ಅವಳು ನಕ್ಕು, "ಕುರ್ಚಿ ಇನ್ನೂ ಬಂದಿಲ್ಲ ಕಣ್ರಿ, ಸದ್ಯ ಮಣೆ ಮ್ಯಾಲೆ ಕುಂತ್ಕಳ್ರಿ" ಅಂದಳು.

ಬಿಸಿಲಿಗೆ ಹಾರದ ಹಳದಿ ಅಂದರೆ ಅರದಾಳ. ಬೇರು ನಾರು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಅದು ಸಿಗುತ್ತದೆ. ಅಭ್ರಕದ ಹಾಗೆ ಪದರ ಪದರವಾಗಿ ಬಿಡುವ, ಬಂಗಾರದಂತೆ ಮಿನುಗುವ ಕಲ್ಲು ಅದು. ಅಂಗಡಿಯಾತ ತೂಕ ಹಾಕುತ್ತ, "ಗ್ವಾಡೆ ಚಿತ್ರಕ್ಕೆ, ದೇವರ ಪಲ್ಲಕ್ಕಿಗೆ ಎಲ್ಲ ಇದೇ ಬಣ್ಣ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ" ಅಂದ. ಪೊಟ್ಟಣ ಕಟ್ಟಿ ಕೊಡುವಾಗ, "ಕೆಲಸ ಆದ ಮ್ಯಾಲೆ ಕೈ ಚೆನ್ನಾಗಿ ತೊಳ್ಕಳ್ರಿ ಮತ್ತೆ. ಪಾಷಾಣದ ಜಾತಿ ಇದು" ಅಂತಲೂ ಸೇರಿಸಿದ.

ಮನೆಗೆ ಬಂದು ಹೆಂಡತಿಗೆ ಮೊದಲನೆಯ ಮಾತನ್ನಷ್ಟೇ ಹೇಳಿದೆ. ಎರಡನೆಯದನ್ನು ಬೇಕೆಂದು ಮುಚ್ಚಿಟ್ಟೆನೇ? ಇಲ್ಲ. ಅದು ನನ್ನ ಕಿವಿಗೆ ಹೊಕ್ಕಿತ್ತು, ತಲೆಯಲ್ಲಿ ನಿಂತಿರಲಿಲ್ಲ. ಅರಗಿನೊಳಗೆ ಬೆರೆತ ಮೇಲೆ ಅದೇನು ಮಾಡೀತು ಎಂಬ ಉಡಾಫೆಯೂ ಇತ್ತು. ಆ ದಿನದ ಮಟ್ಟಿಗೆ ನನ್ನನ್ನು ನಾನು ಕ್ಷಮಿಸಿಕೊಳ್ಳಬಲ್ಲೆ. ಮುಂದಿನದಕ್ಕೆ ಆಗುವುದಿಲ್ಲ.

ಅವಳು ಅರದಾಳವನ್ನು ಕಲ್ಲಿನಲ್ಲಿ ನೀರು ಹಾಕಿ ನುಣ್ಣಗೆ ಅರೆದಳು, ಒಣಗಿಸಿದಳು, ಅರಗಿಗೆ ಕಲಸಿದಳು. ಬಿಸಿ ಏರಿದಾಗ ಮೂಗು ಅರಳಿಸಿ, "ಏನ್ರಿ ಇದು, ಬೆಳ್ಳುಳ್ಳಿ ವಾಸನೆ ಬರ್ತೈತೆ" ಅಂದಳು. ನಾನು, "ಬಂದ್ರೆ ಬರಲಿ, ಉಣ್ಣಾಕೆ ಅಲ್ವಲ್ಲ" ಅಂದೆ. ಅಷ್ಟು ಹೊತ್ತಿಗೆ ಅವಳು ಒಂದು ಚೂರು ಮುರಿದು ಹಲ್ಲಿಗೆ ಇಟ್ಟುಕೊಂಡಿದ್ದಳು. ಹದ ಬಂದಿರಲಿಲ್ಲ. ಇನ್ನೊಂದು ಚೂರು, ಮತ್ತೊಂದು ಚೂರು. ಹೊಸ ಬಣ್ಣಕ್ಕೆ ಹದ ಹಿಡಿಯುವುದು ಕಷ್ಟ, ಆ ಒಂದು ದಿನವೇ ಇಪ್ಪತ್ತು ಸಲ ಕಚ್ಚಿರಬೇಕು. ಅವಳ ಎದುರಿಗೇ ನಾನು ಉಳಿ ಮಸೆಯುತ್ತ ಕುಳಿತಿದ್ದೆ.

ಮೊದಲ ಲೇಖನಿಗೆ ಹಳದಿ ಹತ್ತಿದಾಗ ನಾನು ಅದನ್ನು ಬಾಗಿಲ ಬೆಳಕಿಗೆ ಒಯ್ದು ಹಿಡಿದೆ. ಅರಿಸಿನದ ಮಂಕು ಬಣ್ಣವಲ್ಲ ಅದು. ಹಳದಿಯ ನಡುವೆ ಮೂರು ಕೆಂಪು ಗೆರೆ ಎಳೆದು, ತುದಿಯ ಮೊಗ್ಗಿಗೂ ಅದೇ ಹಳದಿ ಹತ್ತಿಸಿ, ಕೇದಗೆ ಗರಿ ಒತ್ತಿ ಎತ್ತಿದರೆ ಒಡವೆ ಅಂಗಡಿಯಲ್ಲಿ ಇಡುವಂತಿತ್ತು. ಒಂದನ್ನು ಒಯ್ದು ಶಿರಸ್ತೇದಾರರಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ತಮ್ಮಲ್ಲೇ ಇಟ್ಟುಕೊಂಡರು. "ಆಚಾರಿ, ಕುರ್ಚಿ ನಿಂದೇ" ಅಂದರು.

ನಾಲ್ಕನೆಯ ದಿನ ಅವಳಿಗೆ ವಾಂತಿ ಶುರುವಾಯಿತು. ಹಿಂದೆಯೇ ಭೇದಿ, ಮೀನಖಂಡದಲ್ಲಿ ಸೆಳೆತ. ಗಂಟಲು ಉರಿಯುತ್ತದೆ ಎಂದು ತಂಬಿಗೆಗಟ್ಟಲೆ ನೀರು ಕುಡಿದಳು, ಕುಡಿದದ್ದೆಲ್ಲ ಹೊರಗೆ ಬಂತು. ಆಗ ದುರ್ಗಕ್ಕೆ ಪ್ಲೇಗು ಬಂದು ಹೋಗಿ ಹೆಚ್ಚು ದಿನವಾಗಿರಲಿಲ್ಲ. ಯಾರಾದರೂ ಮಲಗಿದ್ದಾರೆ ಎಂದು ಸುಳಿವು ಸಿಕ್ಕರೆ ಸಾಕು, ಸರ್ಕಾರದವರು ಮನೆ ಖಾಲಿ ಮಾಡಿಸಿ, ಒಳಗೆ ಬಿಸಿಲು ಬೀಳಲೆಂದು ಹೆಂಚು ತೆಗೆಸುತ್ತಿದ್ದರು, ಊರಾಚೆಯ ಜೋಪಡಿಗೆ ಅಟ್ಟುತ್ತಿದ್ದರು. ಚರಕಿ ಹೊತ್ತುಕೊಂಡು ಜೋಪಡಿಗೆ ಹೋದರೆ ನಲವತ್ತು ಲೇಖನಿ ಎಲ್ಲಿಂದ ಬರಬೇಕು? ಬಾಗಿಲು ಹಾಕಿಕೊಂಡು ಜೀರಿಗೆ ಕಷಾಯ ಕೊಟ್ಟೆ. ಆಸ್ಪತ್ರೆಗೆ ಹೋಗಾಣ ಎಂದು ನಾನೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಎದ್ದು ಕುಳಿತಳು, ಹಗ್ಗ ಹಿಡಿದಳು, ಮತ್ತೆ ಅರಗು ಕಾಸಿದಳು, ಮತ್ತೆ ಮಲಗಿದಳು.

ಈ ನಡುವೆ ಮರ ಕೈಕೊಟ್ಟಿತು. ಜೋಗಿಮಟ್ಟಿ ಕಡೆಯಿಂದ ತಂದ ಹಾಲೆ ಮರ ಸರಿಯಾಗಿ ಒಣಗಿರಲಿಲ್ಲ. ಕಡೆದಿಟ್ಟ ಹಿಡಿಗಳು ಎರಡೇ ದಿನಕ್ಕೆ ಉದ್ದುದ್ದ ಸೀಳುಬಿಟ್ಟವು. ಹತ್ತೊಂಬತ್ತರಲ್ಲಿ ಐದು ಹಾಳಾಗಿ ಹದಿನಾಲ್ಕು ಉಳಿದವು. ಮಗಳ ಮಾವ ಅಟ್ಟದ ಮೇಲೆ ಮೂರು ವರ್ಷದಿಂದ ಒಣಗಿಸಿಟ್ಟ ಹಾಲೆ ತುಂಡುಗಳು ಹೊಸದುರ್ಗದ ಹತ್ತಿರದ ಅವರ ಊರಿನಲ್ಲಿದ್ದವು. ಪಕ್ಕದ ಮನೆಯ ಮುದುಕಿಗೆ ಒಂದು ಕಣ್ಣಿಡಲು ಹೇಳಿ, ಗಾಡಿ ಹಿಡಿದು ಹೊಳಲ್ಕೆರೆಯ ಮೇಲೆ ಹೋಗಿ ಬಂದೆ. ಹೋಗಿ ಬರಲು ಆರು ದಿನ ಹಿಡಿಯಿತು.

ನಾನು ಬಂದಾಗ ಹೆಂಡತಿ ಬಾವಿಯಿಂದ ನೀರು ಸೇದುತ್ತಿದ್ದಳು. ಮುಖದಲ್ಲಿ ಕಳೆ ಬಂದಿತ್ತು. "ಹಸಿವು ಅಂದ್ರೆ ಹಸಿವು ಕಣ್ರಿ, ನೀವು ಹೋದ ಮೂರನೇ ದಿನದಿಂದ ಎರಡೆರಡು ಮುದ್ದೆ ಉಂಡೀನಿ" ಎಂದು ನಕ್ಕಳು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಾರನೆಯ ದಿನವೇ ಚರಕಿ ಹೂಡಿದೆವು. ಅವಳು ಹೊಸದಾಗಿ ಅರದಾಳ ಕಲಸಿ ಅರಗು ಕಾಸಿ ಹದ ಕಚ್ಚಿದಳು. ಅದರ ಮಾರನೆಯ ದಿನ ಹಿತ್ತಲಿನಲ್ಲಿ ಗೋಡೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು.

ನಾನು ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಬಾಯಿ ಮುಕ್ಕಳಿಸಲು ಅವಳು ತಲೆ ಎತ್ತಿದಾಗ ಬಿಸಿಲು ನೇರ ಮುಖಕ್ಕೆ ಬಿತ್ತು. ಮುಂದಿನ ಹಲ್ಲುಗಳ ಬುಡದಲ್ಲಿ ತೆಳ್ಳಗೆ ಹಳದಿ ಕಂಡಿತು. ಅಂಗಡಿಯಾತನ ಎರಡನೆಯ ಮಾತು ಆಗ ತಲೆಗೆ ಹೋಯಿತು. ಕಚ್ಚಿದ ದಿನಗಳು, ಮಲಗಿದ ದಿನಗಳು, ನಾನಿಲ್ಲದೆ ಅರಗು ಕಾಸದ ಆರು ದಿನ, ಎರಡೆರಡು ಮುದ್ದೆ, ಎಲ್ಲ ಒಟ್ಟಿಗೆ ಬಂದು ನಿಂತವು. ಹಿಡಿದಿದ್ದ ತಂಬಿಗೆಯನ್ನು ಕೆಳಗಿಟ್ಟುಬಿಟ್ಟೆ.

"ಏನಾತ್ರಿ?" ಅಂದಳು.

"ಏನಿಲ್ಲ. ಬಾವಿ ನೀರು ಕೆಟ್ಟಿರಬೇಕು" ಅಂದೆ.

ಈ ಸುಳ್ಳು ನನ್ನ ಬಾಯಿಂದ ಹೇಗೆ ಅಷ್ಟು ಸಲೀಸಾಗಿ ಬಂತೋ ನನಗೆ ಇವತ್ತಿಗೂ ತಿಳಿಯದು. ಅವಳನ್ನು ಒಳಗೆ ಮಲಗಿಸಿ, ನಾನು ಹಿತ್ತಲಿಗೆ ಹೋಗಿ ಒಲೆಯ ಬೂದಿ ಹಾಕಿ ಕೈ ಉಜ್ಜಿ ಉಜ್ಜಿ ಮೂರು ಸಲ ತೊಳೆದುಕೊಂಡೆ. ಆಮೇಲೆ ಊಟಕ್ಕೆ ಕುಳಿತೆ. ಇನ್ನೂ ಇಪ್ಪತ್ತಾರು ಲೇಖನಿ ಮಾಡುವುದು ಉಳಿದಿತ್ತು. ಇಪ್ಪತ್ತಾರು ತಾನೆ, ದಿನಕ್ಕೆ ಎರಡಾದರೆ ಹದಿಮೂರು ದಿನ, ಆಮೇಲೆ ಈ ಹಾಳು ಬಣ್ಣವನ್ನು ಮನೆಗೇ ತರುವುದಿಲ್ಲ, ಹೇಗೂ ಪ್ರತಿಸಲ ಎದ್ದು ಕೂರುತ್ತಾಳಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕಚ್ಚಬೇಡ ಅಂದರೆ ಯಾಕೆ ಎಂದು ಕೇಳುತ್ತಾಳೆ, ಹೇಳಿದರೆ ಹೆದರಿ ಅರಗನ್ನೇ ಮುಟ್ಟಲಿಕ್ಕಿಲ್ಲ, ನನಗೆ ಕಚ್ಚಲು ಹಲ್ಲಿಲ್ಲ. ಹೀಗೆಲ್ಲ ಲೆಕ್ಕ ಹಾಕಿದೆ. ಬೆರಳಿನಲ್ಲಿ ಮುರಿದೂ ಹದ ನೋಡಬಹುದಿತ್ತು. ಒಂದಷ್ಟು ಅರಗು ಹಾಳಾಗುತ್ತಿತ್ತು, ನಾಲ್ಕು ದಿನ ತಡವಾಗುತ್ತಿತ್ತು, ಅಷ್ಟೆ.

ಮುಂದಿನ ಹತ್ತು ದಿನ ಕೆಲಸ ಭರದಿಂದ ನಡೆಯಿತು. ಒಣಗಿದ ಹಾಲೆ ಬೆಣ್ಣೆಯಂತೆ ಉಳಿಗೆ ಒದಗುತ್ತಿತ್ತು. ಅವಳು ವಾಂತಿ ಮಾಡಿ ಬಂದು ಹಗ್ಗ ಹಿಡಿಯುತ್ತಿದ್ದಳು. ಕೂದಲು ಬಾಚಿದರೆ ಹಿಡಿ ಹಿಡಿ ಬರುತ್ತಿತ್ತು. ಒಂದು ದಿನ ಹಗ್ಗ ಇದ್ದಕ್ಕಿದ್ದಂತೆ ಸಡಿಲಾಯಿತು. ನನ್ನ ಉಳಿ ಮರದಲ್ಲಿ ಕಚ್ಚಿಕೊಂಡು ಮೊಗ್ಗಿನ ಕುತ್ತಿಗೆ ಹಾರಿಹೋಯಿತು.

"ಲೇ, ಹಗ್ಗ ಎಳೀತೀಯೋ ಜೋಕಾಲಿ ಆಡ್ತೀಯೋ?" ಎಂದು ರೇಗಿದೆ. ನನ್ನ ಬಾಯಿ ಮೊದಲಿನಿಂದಲೂ ಕೆಟ್ಟದ್ದು.

ಅವಳು ತನ್ನ ಅಂಗೈ ನೋಡಿಕೊಂಡಳು. "ಕೈಯಾಗೆ ಹಗ್ಗ ಐತೋ ಇಲ್ಲೋ ಗೊತ್ತೇ ಆಗಲ್ಲ ಕಣ್ರಿ. ಜೋಮು ಹಿಡಿದಂಗೆ ಆಗೈತೆ. ಕಾಲಿಗೂ ಹಂಗೇ."

"ನೋಡ್ಕಂಡು ಎಳಿ" ಅಂದೆ. ಗೊತ್ತಿದ್ದೂ ಅಂದೆ.

ಮೂವತ್ತಮೂರನೆಯದು ಮುಗಿದ ದಿನ ಮಧ್ಯಾಹ್ನ ನಾನು ಕೈ ತೊಳೆದು ಬಂದು ತಟ್ಟೆಯ ಮುಂದೆ ಕುಳಿತೆ. ಅವಳು ಮುದ್ದೆ ಇಡುತ್ತ, "ಒಂದು ಮಾತು ಕೇಳ್ತೀನಿ, ಬೈಬ್ಯಾಡ್ರಿ" ಅಂದಳು.

"ಕೇಳು."

"ಮೊದಲೆಲ್ಲ ಕೆಲಸದಿಂದ ಎದ್ದು ಸುಮ್ನೆ ಒಂದು ತಂಬಿಗೆ ನೀರು ಹುಯ್ಕಂಡು ಉಣ್ಣಾಕೆ ಕುಂತ್ಕಂತಿದ್ರಿ. ಹೊಸದುರ್ಗದಿಂದ ಬಂದಾಗಿಂದ ಬೂದಿ ಹಾಕ್ಕಂಡು ಮೂರ್ಮೂರು ಸಲ ತೊಳೀತೀರಿ. ನಾನೂ ಹಂಗೆ ತೊಳ್ಕಾಬೇಕಾ?"

ಅವಳು ನನ್ನನ್ನು ಚುಚ್ಚಲು ಕೇಳಿದ್ದಲ್ಲ. ಕುತಂತ್ರ ಅವಳಿಗೆ ಬರುತ್ತಿರಲಿಲ್ಲ. ನಿಜವಾಗಿಯೂ ತಿಳಿಯದೆ, ತೊಳೆದುಕೊಳ್ಳಬೇಕಾದರೆ ತೊಳೆದುಕೊಳ್ಳೋಣ ಎಂದು ಕೇಳಿದಳು. ಆ ಕ್ಷಣ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ತುತ್ತು ಕೈಯಲ್ಲೇ ಉಳಿಯಿತು. ಅಂಗಡಿಯಾತ ಹೇಳಿದ್ದು, ಹಲ್ಲಿನ ಬುಡದಲ್ಲಿ ನಾನು ಕಂಡದ್ದು, ಬಾವಿ ನೀರಿನ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವಳು ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಆಮೇಲೆ, "ಹಂಗಾದ್ರೆ ಕೈ ತೊಳೆದ್ರೂ ಏನೂ ಆಗ್ತಿರಲಿಲ್ಲ ಬಿಡ್ರಿ. ನಾನು ಕಚ್ಚತಿದ್ನಲ್ಲ" ಅಂದಳು. ಎದ್ದು ಹೋಗಿ ಬಾಯಿ ಮುಕ್ಕಳಿಸತೊಡಗಿದಳು. ಮುಕ್ಕಳಿಸುವ ಸದ್ದು ನಿಲ್ಲಲೇ ಇಲ್ಲ. ನಾನು ಅಳುತ್ತ ಕುಳಿತೆ.

ಅವತ್ತೇ ಹಿತ್ತಲಿನಲ್ಲಿ ಆಳುದ್ದ ಗುಂಡಿ ತೋಡಿ ಉಳಿದ ಅರದಾಳವನ್ನೂ ಹಳದಿ ಅರಗಿನ ಕಡ್ಡಿಗಳನ್ನೂ ಅರೆಯುವ ಕಲ್ಲನ್ನೂ ಹೂತೆ. ಮುಗಿದ ಲೇಖನಿಗಳ ಮುಂದೆ ಬಂದು ನಿಂತಾಗ ಮಾತ್ರ ಕೈ ತಡೆಯಿತು. ಒಂದು ಶಿರಸ್ತೇದಾರರಲ್ಲಿತ್ತು, ಮೂವತ್ತೆರಡು ಬುಟ್ಟಿಯಲ್ಲಿ ಮಲಗಿದ್ದವು. ಹಾಗೇ ಒಯ್ದು ಕೊಟ್ಟರೆ ಯಾರಿಗೆ ಗೊತ್ತು? ಆದರೆ ಕಚೇರಿಯಲ್ಲಿ ಗುಮಾಸ್ತರು ಕೂಡಿಸುವಾಗ ಕಳೆಯುವಾಗ ಲೇಖನಿಯ ತುದಿ ಕಚ್ಚುವುದನ್ನು ನಾನು ಕಂಡವನು. ತೊಟ್ಟಿಲ ಕಾಲನ್ನು ಯಾರೂ ಬಾಯಿಗಿಡುವುದಿಲ್ಲ, ಲೇಖನಿಯನ್ನು ಎಲ್ಲರೂ ಇಡುತ್ತಾರೆ. ಇನ್ನೊಂದು ಮನೆಯ ಹಿತ್ತಲಿನಲ್ಲಿ ಇನ್ನೊಬ್ಬರು ಗೋಡೆ ಹಿಡಿದು ನಿಲ್ಲುವುದು ಬೇಡವೆಂದು ಹಳದಿಯನ್ನೆಲ್ಲ ಕೆರೆದು ತೆಗೆಯಲು ಗಟ್ಟಿ ಮನಸ್ಸು ಮಾಡಿದೆ.

ಮೊದಲು ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರು ಅವಳ ಅಂಗಾಲಿಗೆ ಗುಂಡುಸೂಜಿ ಚುಚ್ಚಿದರು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. "ಇನ್ನೂ ಚುಚ್ಚಿಲ್ವೇನ್ರಿ?" ಎಂದು ಕೇಳಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಜೀವಕ್ಕೆ ಇನ್ನು ಭಯವಿ‍ಲ್ಲ, ಆದರೆ ವಿಷ ನರಗಳಿಗೆ ಏರಿದೆ, ಸ್ಪರ್ಶ ತಿರುಗಿ ಬರುತ್ತದೋ ಇಲ್ಲವೋ ಹೇಳಲಾರೆ ಎಂದರು. ಮೊದಲ ವಾಂತಿಗೇ ಯಾಕೆ ಕರೆತರಲಿಲ್ಲ ಎಂದು ಅವರು ಕೇಳಲಿಲ್ಲ.

ಹಗ್ಗ ಎಳೆಯುವವರಿಲ್ಲದ ಮೇಲೆ ಉಳಿದದ್ದು ಕಮಾನು. ಬಿಲ್ಲಿನಂಥ ಕೋಲಿನ ಹಗ್ಗವನ್ನು ಮರಕ್ಕೆ ಸುತ್ತಿ, ಒಂದು ಕೈಯಲ್ಲಿ ಅದನ್ನು ಆಡಿಸುತ್ತ, ಇನ್ನೊಂದು ಕೈಯಲ್ಲಿ ಉಳಿ ಹಿಡಿದು, ಉಳಿಯ ಮೊನೆ ಅಲುಗದಂತೆ ಕಾಲ್ಬೆರಳುಗಳ ನಡುವೆ ಒತ್ತಿಕೊಳ್ಳಬೇಕು. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೆ. ಹಳದಿ ಪುಡಿ ಹಾರದಂತೆ ಕಡ್ಡಿಗೆ ನೀರು ಚಿಮುಕಿಸಿ ಕೆರೆದೆ. ಅವಳು ಗೋಡೆಗೆ ಒರಗಿ ನೋಡುತ್ತಿದ್ದಳು. ಮೂಗಿನ ಬಟ್ಟೆ ಒಣಗಿದಾಗಲೆಲ್ಲ, "ಬಟ್ಟೆ ಒದ್ದೆ ಮಾಡ್ಕಳ್ರಿ" ಎಂದು ನೆನಪು ಮಾಡುತ್ತಿದ್ದಳು. ಅವಳು ಒಮ್ಮೆಯಾದರೂ ನನ್ನನ್ನು ಬೈದಿದ್ದರೆ ನನಗೆ ಆ ಕೆಲಸ ಹಗುರವಾಗುತ್ತಿತ್ತು.

ಕೆರೆಯುವಾಗ ಎರಡು ಮುರಿದವು. ಮೂವತ್ತಕ್ಕೆ ಅರಗಿನದೇ ಕೆಂಪು ಹಚ್ಚಿ, ಹದವನ್ನು ಬೆರಳಿನಲ್ಲಿ ಮುರಿದು ನೋಡಿ, ಹೇಳಿದ ದಿನಕ್ಕೆ ಕಚೇರಿಗೆ ಒಯ್ದೆ. ಕಂದುಗೆಂಪು ಬಣ್ಣ, ಮೈ ನುಣುಪು, ಆದರೆ ಚಿನ್ನವಲ್ಲ. ಶಿರಸ್ತೇದಾರರು ಬುಟ್ಟಿಯ ಬಟ್ಟೆ ಸರಿಸಿ ನೋಡಿದರು. ಅವರ ಬೆರಳುಗಳ ನಡುವೆ ನನ್ನ ಹಳದಿ ಲೇಖನಿ ಇತ್ತು.

"ಏನಯ್ಯಾ ಇದು? ಹಳದಿ ಎಲ್ಲಿ?"

"ಸ್ವಾಮಿ, ಆ ಹಳದಿ ಪಾಷಾಣ. ಅದನ್ನ ಕಚ್ಚಿ ನನ್ನ ಹೆಂಡ್ತಿ ಕೈಕಾಲು ಸತ್ತುಹೋಗೈತೆ. ನಿಮ್ಮ ಕೈಯಾಗಿರೋದನ್ನೂ ವಾಪಸ್ಸು ಕೊಟ್ಟುಬಿಡ್ರಿ."

ಅವರು ಲೇಖನಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. ಒಂದು ಕಾಗದದ ತುದಿಯಿಂದ ಅದನ್ನು ನನ್ನತ್ತ ತಳ್ಳಿದರು.

"ಇದನ್ನ ಯಾರ ಮುಂದೂ ಆಡಬ್ಯಾಡ. ನಾಡಿದ್ದು ಜನ ಬರ್ತಾರೆ, ನನ್ನ ಮಾನ ಕಳೆದೆ. ಬುಟ್ಟಿ ಇಟ್ಟು ಹೋಗು" ಅಂದರು.

ಇಟ್ಟು ಬಂದೆ. ಕೈಗಾರಿಕೆ ಶಾಲೆಗೆ ಬೇರೆ ಊರಿನಿಂದ ಒಬ್ಬ ಮೇಷ್ಟ್ರು ಬಂದ. ನನಗೆ ಅದರಿಂದ ಸಂಕಟವಾಗಲಿಲ್ಲ ಎಂದರೆ ಸುಳ್ಳು. ಆಯಿತು. ಆದರೆ ಅದನ್ನು ಮನೆಯಲ್ಲಿ ಹೇಳಿಕೊಳ್ಳುವ ಮುಖ ನನಗಿರಲಿಲ್ಲ.

ಮಳೆಗಾಲ ಕಳೆದು ಚಳಿ ಬಂತು. ವಾಂತಿ ನಿಂತಿತ್ತು, ಕೂದಲು ತಿರುಗಿ ಬಂದಿತ್ತು. ಅವಳು ಗೋಡೆ ಹಿಡಿದು, ಹೆಜ್ಜೆ ಇಡುವ ಜಾಗವನ್ನು ಕಣ್ಣಿನಿಂದ ನೋಡಿಕೊಂಡು ನಡೆಯುತ್ತಿದ್ದಳು. ಸುಮ್ಮನೆ ಕುಳಿತು ಕುಳಿತು ಬೇಸರವಾಗಿ, "ಅರಗು ಕಾಸಿ ಕೊಡ್ತೀನಿ ಕಣ್ರಿ, ಕೈ ನೋಡ್ಕಂಡೇ ಮಾಡ್ತೀನಿ" ಎಂದು ಹಟ ಹಿಡಿದಳು. ಬರೀ ಕೆಂಪು ಅರಗು ತಾನೆ ಎಂದು ಒಪ್ಪಿದೆ. ಅವತ್ತು ಬೆಳಿಗ್ಗೆ ಅವಳು ಅಗ್ಗಿಷ್ಟಿಕೆಯ ಮುಂದೆ ಕಾಲು ಚಾಚಿ ಕುಳಿತಿದ್ದಳು. ನಾನು ಬೆನ್ನು ತಿರುಗಿಸಿ ಕಮಾನು ಆಡಿಸುತ್ತಿದ್ದೆ. ಊರ ಜಾತ್ರೆಯಲ್ಲಿ ಮಾರಲು ಬುಗುರಿ ಕಡೆಯುತ್ತಿದ್ದೆ. ತುಸು ಹೊತ್ತಿಗೆ ಸೀದ ವಾಸನೆ ಬಂತು.

"ಲೇ, ಅರಗು ಸೀಯ್ತೈತೆ ನೋಡು" ಅಂದೆ, ಕೈ ನಿಲ್ಲಿಸದೆ.

"ಇಲ್ವಲ್ರಿ, ಅರಗು ಸರಿಯಾಗೇ ಐತೆ."

"ಹಂಗಾದ್ರೆ ಒಲೆ ಮ್ಯಾಲೆ ಏನಾರ ಇಟ್ಟೀಯಾ? ಮೂಗಿಲ್ವಾ ನಿಂಗೆ?"

ಅವಳು ಕುಳಿತಲ್ಲಿಂದಲೇ ಅಡುಗೆಮನೆಯ ಕಡೆ ಬಗ್ಗಿದಾಗ ಬಳೆಗಳ ಸದ್ದು ನನಗೆ ಕೇಳಿಸಿತು. "ಒಲೆ ಹಚ್ಚೇ ಇಲ್ಲ. ಇಲ್ಲೇನೂ ಸೀದಿಲ್ಲ ಕಣ್ರಿ" ಅಂದಳು.

ನಾನು ಕಮಾನು ಬಿಟ್ಟು ಹಿಂದೆ ತಿರುಗಿದೆ. ಅಗ್ಗಿಷ್ಟಿಕೆಯಿಂದ ಉರುಳಿದ ಒಂದು ಕೆಂಡದ ಮೇಲೆ ಅವಳ ಎಡಗಾಲಿನ ಹಿಮ್ಮಡಿ ಊರಿತ್ತು. ಅದರ ಸುತ್ತ ಸಣ್ಣಗೆ ಹೊಗೆ ಏಳುತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ, "ಯಾಕ್ರಿ, ಏನಾತು?" ಎಂದು ಕೇಳುತ್ತಿದ್ದಳು.